ಬೀಳುವುದನ್ನು ಕಲಿಸಿ ಬದುಕಿದ ಹತ್ತು ವರ್ಷ

ಜೂಡೋ ಕಲಿಸುವ ಕೆಲಸವೊಂದನ್ನೇ ನಂಬಿಕೊಂಡು ಈ ವಾರಕ್ಕೆ ಹತ್ತು ವರ್ಷ ತುಂಬಿತು. ಬೇರೆ ಸಂಬಳ ಇಲ್ಲ. ಹಾಲ್‌ನ ಬಾಡಿಗೆ, ಮನೆ ಖರ್ಚು, ಒಂದು ಆಪರೇಷನ್, ಎಲ್ಲವೂ ಮ್ಯಾಟ್ ಮೇಲಿನ ದುಡಿಮೆಯಿಂದಲೇ ನಡೆದಿದೆ. ಇದಕ್ಕೆ ಕಾರಣರಾದವರು ಎದುರಿಗೆ ಸಿಕ್ಕಾಗ ನನಗೆ ಮಾತೇ ಹೊರಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನನ್ನ ಮೇಷ್ಟ್ರಿಗೆ. ಈ ಹತ್ತು ವರ್ಷಕ್ಕೂ ಮುಂಚೆ ಎರಡು ವರ್ಷ ಸಂಜೆ ಕ್ಲಾಸ್ ಮುಗಿಸಿ ರಾತ್ರಿ ಒಂದು ಗೋದಾಮು ಕಾಯಲು ಹೋಗುತ್ತಿದ್ದೆ. ಟಾರ್ಚ್ ಹಿಡಿದು ಸುತ್ತುವಾಗ ಮಕ್ಕಳ ಅಪ್ಪ ಅಮ್ಮ ಯಾರಾದರೂ ನೋಡಿಬಿಟ್ಟರೆ ಎಂಬ ನಾಚಿಕೆ. ಒಂದು ದಿನ ಮೇಷ್ಟ್ರ ಹತ್ತಿರ ಹೇಳಿಕೊಂಡೆ. ಅವರು ಫುನಾಕೋಶಿ ಗಿಚಿನ್ ಅವರ ವಿಷಯ ತೆಗೆದರು. ಜಪಾನಿನ ಓಕಿನಾವಾ ದ್ವೀಪದ ಶಾಲಾ ಮೇಷ್ಟ್ರು ಅವರು. 1922ರಲ್ಲಿ ಕರಾಟೆ ತೋರಿಸಲು ಟೋಕಿಯೊಗೆ ಬಂದರು. ಜೂಡೋ ಕಟ್ಟಿದ ಕಾನೊ ಜಿಗೊರೊ ಅವರೇ ಕರೆದು ತಮ್ಮ ಜೂಡೋ ಶಾಲೆ ಕೊಡೊಕಾನ್‌ನಲ್ಲೂ ಪ್ರದರ್ಶನ ಮಾಡಿಸಿದರು. ಅಷ್ಟು ಗೌರವ ಸಿಕ್ಕರೂ ಹೊಟ್ಟೆಪಾಡಿಗೆ ದಾರಿ ಇರಲಿಲ್ಲ. ಐವತ್ತು ದಾಟಿದ ಆ ಮನುಷ್ಯ ವಿದ್ಯಾರ್ಥಿಗಳ ಹಾಸ್ಟೆಲ್ ಒಂದರಲ್ಲಿ ಕಾವಲು ಕಾದು, ಕೋಣೆ ಗುಡಿಸಿ, ತೋಟ ನೋಡಿಕೊಂಡು ಅಲ್ಲೇ ಪಾಠ ಹೇಳಿದರು. "ಅವರಿಗಿಂತ ನೀನು ದೊಡ್ಡವನಾ?" ಎಂದು ಮೇಷ್ಟ್ರು ಕೇಳಿದರು. ಆಮೇಲೆ ಇನ್ನೊಂದು ಮಾತು ಹೇಳಿದರು: "ಫೀಸು ಕೇಳಲು ನಾಚಬೇಡ. ಕಲಿಸುವವನ ಹೊಟ್ಟೆ ತುಂಬದಿದ್ದರೆ ಕ್ಲಾಸ್ ಮುಚ್ಚುತ್ತದೆ." ಆ ಮಾತು ಮನಸ್ಸಿಗೆ ಇಳಿಯಲು ನನಗೆ ತುಂಬಾ ದಿನ ಬೇಕಾಯಿತು.

ಮಕ್ಕಳ ಸಂಜೆ ಕ್ಲಾಸೇ ಇವತ್ತಿಗೂ ನಮ್ಮ ಮುಖ್ಯ ಆದಾಯ. ಆಗಾಗ ಕಂಪನಿಗಳಲ್ಲಿ ಆತ್ಮರಕ್ಷಣೆಯ ತರಬೇತಿ ಸಿಗುತ್ತದೆ. ಒಂದೆರಡು ಸಲ ನಟರಿಗೆ ಎದುರಿನವರನ್ನು ಎಸೆಯುವುದನ್ನು ಕಲಿಸಿದ್ದೂ ಉಂಟು. ಅವನ್ನು ನೆಚ್ಚಿಕೊಂಡು ತಿಂಗಳು ನಡೆಯುವುದಿಲ್ಲ. ಪರೀಕ್ಷೆ ಬಂದರೆ ಅರ್ಧ ಮ್ಯಾಟ್ ಖಾಲಿ, ರಜೆ ಬಂದರೂ ಖಾಲಿ. ಬಾಡಿಗೆಯನ್ನು ಮಾತ್ರ ತಿಂಗಳು ತಿಂಗಳೂ ಕಟ್ಟಬೇಕು. ಮಗು ಬಾರದ ತಿಂಗಳಲ್ಲೂ "ಜಾಗ ಇರಲಿ" ಎಂದು ಫೀಸು ಕಟ್ಟಿದ ಪೋಷಕರೇ, ಆ ಬಾಡಿಗೆ ಕಟ್ಟಿದ್ದು ನೀವು.

ತೀರಾ ಕೈ ಖಾಲಿಯಾಗಿದ್ದ ಒಂದು ವರ್ಷ ಪರಿಚಯದವರೊಬ್ಬರು ಸಲಹೆ ಕೊಟ್ಟರು. ಎರಡು ತಿಂಗಳಿಗೊಮ್ಮೆ ಗ್ರೇಡಿಂಗ್, ಅಂದರೆ ಬೆಲ್ಟ್ ಪರೀಕ್ಷೆ ಇಡು, ಬಂದವರಿಗೆಲ್ಲ ಮುಂದಿನ ಬೆಲ್ಟ್ ಕೊಡು, ಗ್ರೇಡಿಂಗ್ ಫೀಸಿನಲ್ಲೇ ವರ್ಷ ದಾಟುತ್ತದೆ ಅಂತ. ಲೆಕ್ಕ ಹಾಕಿ ನೋಡಿದೆ. ಮನಸ್ಸು ಆ ಕಡೆ ವಾಲಿತ್ತು, ಸುಳ್ಳು ಹೇಳುವುದಿಲ್ಲ. ಆ ವಾರವೇ ಒಬ್ಬ ತಾಯಿ ಬಂದರು. ದಿನವೂ ಗೋಡೆ ಪಕ್ಕ ಕೂತು ಇಡೀ ಕ್ಲಾಸ್ ನೋಡುತ್ತಿದ್ದವರು. "ಸರ್, ಇವಳು ಹಿಂದಕ್ಕೆ ಬಿದ್ದಾಗ ತಲೆ ಇನ್ನೂ ಮ್ಯಾಟ್‌ಗೆ ತಾಗುತ್ತಿದೆ. ಈ ಸಲ ಬೆಲ್ಟ್ ಬೇಡ ಅಲ್ವಾ?" ಎಂದರು. ನಾನು ಆ ಲೆಕ್ಕದ ಹಾಳೆ ಹರಿದು ಹಾಕಿದೆ. ಆ ತಾಯಿಗೆ ಇದು ಗೊತ್ತಿಲ್ಲ. ಇವತ್ತು ಗೊತ್ತಾಗಲಿ.

ಆರು ವರ್ಷದ ಹಿಂದೆ ಅಭ್ಯಾಸದಲ್ಲಿ ನನ್ನ ಬಲ ಮೊಣಕಾಲು ತಿರುಚಿ, ಒಳಗೆ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಎಂಬ ಲಿಗಮೆಂಟ್ ಹರಿಯಿತು. ಪಟ್ ಎಂದು ಸದ್ದು ಕೇಳಿತು, ಅಷ್ಟೆ. ಆಪರೇಷನ್ ಆಯಿತು. ಒಂಬತ್ತು ತಿಂಗಳು ಯಾರನ್ನೂ ಎಸೆಯುವಂತಿಲ್ಲ. ಮೈ ನಂಬಿ ಬದುಕುವವನಿಗೆ ಅದಕ್ಕಿಂತ ದೊಡ್ಡ ಭಯ ಇನ್ನೇನಿದೆ? ಮೂವರು ಹಿರಿಯ ಶಿಷ್ಯರು ಮಾರನೇ ದಿನವೇ ಕ್ಲಾಸ್ ಹಂಚಿಕೊಂಡರು. ತಮ್ಮ ತಮ್ಮ ಕೆಲಸ ಮುಗಿಸಿ ಓಡಿ ಬರುತ್ತಿದ್ದರು. ತಿಂಗಳ ಕೊನೆಗೆ ಫೀಸನ್ನೆಲ್ಲ ತಂದು ನನ್ನ ಕೈಗಿಟ್ಟರು. ಅವರ ಪಾಲು ತೆಗೆದುಕೊಳ್ಳಿ ಎಂದು ಒಪ್ಪಿಸಲು ಜಗಳವೇ ಆಡಬೇಕಾಯಿತು.

ನಾನು ಕುರ್ಚಿಯಲ್ಲಿ ಕೂತು ಮಾತಿನಲ್ಲೇ ಕಲಿಸಲು ಕಲಿತೆ. ಮುಂಚೆ ಎಲ್ಲವನ್ನೂ ಮೈಯಲ್ಲೇ ಮಾಡಿ ತೋರಿಸುತ್ತಿದ್ದೆ. ಎಸೆತದಲ್ಲಿ ಕುಜುಶಿ ಮೊದಲು, ಅಂದರೆ ಎದುರಿನವರ ಸಮತೋಲನ ತಪ್ಪಿಸುವುದು. ಆಮೇಲೆ ತ್ಸುಕುರಿ, ನಮ್ಮ ಮೈಯನ್ನು ಸರಿಯಾದ ಜಾಗಕ್ಕೆ ತರುವುದು. ಕೊನೆಗೆ ಕಾಕೆ, ಎಸೆಯುವುದು. ಇದನ್ನು ಬಾಯಲ್ಲಿ ಬಿಡಿಸಿ ಹೇಳಿದಾಗ ವರ್ಷಗಟ್ಟಲೆ ಎಡವುತ್ತಿದ್ದ ಹುಡುಗರು ಸರಿಯಾದರು. ಈಗ ನಾನು ಮೊದಲಿಗಿಂತ ಒಳ್ಳೆಯ ಮೇಷ್ಟ್ರು, ಇದನ್ನು ಧೈರ್ಯವಾಗಿ ಹೇಳುತ್ತೇನೆ.

ನನ್ನ ಫಿಸಿಯೋಥೆರಪಿಸ್ಟ್‌ಗೆ ಎರಡು ಸಲ ಥ್ಯಾಂಕ್ಸ್. ಪೆಟ್ಟಾದ ಕಾಲಿನ ಶಕ್ತಿ ಇನ್ನೊಂದು ಕಾಲಿನ ಶೇ. 90ರಷ್ಟಾದರೂ ಬರುವ ತನಕ ಅವರು ನನ್ನನ್ನು ಮ್ಯಾಟ್ ಮೇಲೆ ಬಿಡಲಿಲ್ಲ. ನಾನು ಬೇಡಿಕೊಂಡರೂ ಬಿಡಲಿಲ್ಲ. ಎರಡನೆಯದು, ಅವರು ಸುಮ್ನೆ ಮಾತಿಗೆ ಕೇಳಿದ ಒಂದು ಪ್ರಶ್ನೆಗೆ. "ಬೀಳುವುದನ್ನು ಕಲಿಸ್ತೀರಲ್ಲ, ನನ್ನ ಹತ್ತಿರ ಬರುವ ವಯಸ್ಸಾದವರಿಗೆ ಯಾಕೆ ಕಲಿಸಬಾರದು?"

ಐದು ಜನರಿಂದ ಶುರುವಾಯಿತು. ಅವರಿಗೆ ಹುಡುಗರ ಹಾಗೆ ಧಬಾರನೆ ಬೀಳಿಸುವಂತಿಲ್ಲ. ಮೊದಲ ವಾರಗಳು ದಪ್ಪ ಮ್ಯಾಟ್ ಮೇಲೆ ಕೂತಲ್ಲೇ. ಗದ್ದ ಎದೆಗೆ ಒತ್ತಬೇಕು, ಆಗ ತಲೆಯ ಹಿಂಭಾಗ ನೆಲಕ್ಕೆ ಬಡಿಯುವುದು ತಪ್ಪುತ್ತದೆ. ಕೈಯನ್ನು ನೆಟ್ಟಗೆ ಊರಬಾರದು, ಮಣಿಕಟ್ಟು ಮುರಿಯುತ್ತದೆ. ಮಂಡಿ ಮಡಚಿ ತಗ್ಗಬೇಕು, ಪಕ್ಕಕ್ಕೆ ಹೊರಳಬೇಕು. ಬಿದ್ದ ಮೇಲೆ ಏಳುವುದೂ ಒಂದು ಪಾಠ. ಮಗ್ಗುಲಾಗಿ, ಅಂಬೆಗಾಲಿಗೆ ಬಂದು, ಕುರ್ಚಿ ಹಿಡಿದು ಏಳುವುದು. ಈಗ ವಾರದಲ್ಲಿ ಮೂರು ಬೆಳಿಗ್ಗೆ ಈ ಕ್ಲಾಸ್ ಇದೆ. ಇವರಿಗೆ ಪರೀಕ್ಷೆಯೂ ಇಲ್ಲ, ರಜೆಯೂ ಇಲ್ಲ. ನನ್ನ ತಿಂಗಳ ಲೆಕ್ಕ ಮೊದಲ ಸಲ ನೆಮ್ಮದಿಯಾಗಿ ನಿಂತಿದ್ದು ಇವರಿಂದ. ಒಬ್ಬ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು, ಎದ್ದು, ಫೋನ್ ಮಾಡಿದರು. "ಗದ್ದ ಒತ್ತಿಕೊಂಡೆ ಕಣಪ್ಪ, ತಲೆಗೆ ಏನೂ ಆಗಲಿಲ್ಲ." ನಾನು ಫೋನ್ ಇಟ್ಟು ಸ್ವಲ್ಪ ಹೊತ್ತು ಅತ್ತೆ. ಪಂದ್ಯ ಗೆದ್ದಾಗಲೂ ಹಾಗೆ ಅತ್ತಿರಲಿಲ್ಲ.

ಮೊನ್ನೆ ಬೆಳಗಿನ ಕ್ಲಾಸ್‌ಗೆ ಮೇಷ್ಟ್ರು ಬಂದರು. ಅವರಿಗೆ ಈಗ ಎಪ್ಪತ್ತಾರು. ನೋಡಲು ಬಂದಿರಬೇಕು ಅಂದುಕೊಂಡೆ. ಚಪ್ಪಲಿ ಬಿಟ್ಟು, ಮ್ಯಾಟ್‌ಗೆ ನಮಸ್ಕರಿಸಿ, ಸಾಲಿನ ಕೊನೆಯಲ್ಲಿ ಕೂತರು. ಎಲ್ಲರ ಜೊತೆ ಹೊರಳಿದರು. ಗದ್ದ ಒತ್ತಿ ಎಂದು ನಾನು ಹೇಳಿದಾಗ ಒತ್ತಿದರು. ಕ್ಲಾಸ್ ಮುಗಿದ ಮೇಲೆ ಜೇಬಿನಿಂದ ಒಂದು ಕವರ್ ತೆಗೆದು ನನ್ನ ಮುಂದೆ ಹಿಡಿದರು. ತಿಂಗಳ ಫೀಸು. ಬೇಡ ಮೇಷ್ಟ್ರೇ ಎಂದೆ. ಅವರು ಏನೂ ಹೇಳಲಿಲ್ಲ, ಕೈ ಹಿಂದಕ್ಕೆ ತೆಗೆಯಲೂ ಇಲ್ಲ.

ಎರಡೂ ಕೈಯಲ್ಲಿ ತೆಗೆದುಕೊಂಡೆ.