ಆ ಕಪ್ಪು ಮೀನಿನ ವಿಡಿಯೋ ಬಗ್ಗೆ

ಗುಂಪಿನ ಎಲ್ಲರಿಗೂ ನಮಸ್ಕಾರ.

ದೀಪ ಹೊತ್ತ ಕಪ್ಪು ಮೀನಿನ ವಿಡಿಯೋ ಮತ್ತೆ ಬಂದಿದೆ. ಅದು ಪ್ರಳಯದ ಸೂಚನೆ ಅಂತ ದಯವಿಟ್ಟು ಸುಮ್ನೆ ಫಾರ್ವರ್ಡ್ ಮಾಡಬೇಡಿ. ಅದು ಆಂಗ್ಲರ್ ಮೀನು. 2025ರ ಆರಂಭದಲ್ಲಿ ಸ್ಪೇನ್‌ನ ಟೆನೆರಿಫೆ ದ್ವೀಪದ ಹತ್ತಿರ ನೀರಿನ ಮೇಲೆ ಕಂಡಿತ್ತು. ಕೆಲವೇ ಗಂಟೆಗಳಲ್ಲಿ ಸತ್ತುಹೋಯಿತು, ಪಾಪ.

ಅದರ ಮನೆ ಎಲ್ಲಿ ಗೊತ್ತಾ? ನಮ್ಮ ಮಡಿಕೇರಿ ಸಮುದ್ರ ಮಟ್ಟದಿಂದ 1,100 ಮೀಟರಿಗೂ ಜಾಸ್ತಿ ಎತ್ತರದಲ್ಲಿದೆ ಅಲ್ವಾ? ಅಷ್ಟೇ ಆಳಕ್ಕೆ ಇಳಿದರೆ ಬಿಸಿಲು ಒಂದಿಷ್ಟೂ ಇಲ್ಲ. ಅಂಥ ಕತ್ತಲಲ್ಲಿ ಬದುಕುವ ಮೀನು ಇದು. ತಲೆಯ ಮೇಲಿನ ಗಾಳದ ತುದಿಯಲ್ಲಿ ಬೆಳಗುವ ಬ್ಯಾಕ್ಟೀರಿಯಾ ಇರುತ್ತವೆ. ಆ ಬೆಳಕಿಗೆ ಹತ್ತಿರ ಬಂದದ್ದೇ ಅದರ ಊಟ. ವಿಡಿಯೋದಲ್ಲಿ ರಾಕ್ಷಸನಂತೆ ಕಂಡರೂ ದೊಡ್ಡ ಹೆಣ್ಣು ಮೀನು ಒಂದು ಗೇಣಿನಷ್ಟೂ ಇಲ್ಲ. ಗಂಡು ಮೀನು ಹೆಬ್ಬೆರಳಿಗಿಂತ ಚಿಕ್ಕದು, ಅದಕ್ಕೆ ಗಾಳವೂ ಇಲ್ಲ.

ಮಿಂಚುಹುಳ ಮಾತ್ರ ತನ್ನ ಬೆಳಕನ್ನು ತಾನೇ ಮಾಡಿಕೊಳ್ಳುತ್ತದೆ. ಈಗ ತೋಟದಲ್ಲಿ ತುಂಬಾ ಇವೆ. ಶನಿವಾರ ಸಂಜೆ 7ಕ್ಕೆ ತೋಡಿನ ಹತ್ತಿರ ಮಕ್ಕಳನ್ನು ಕರೆದುಕೊಂಡು ಬನ್ನಿ. ಜಿಗಣೆಗೆ ಸುಣ್ಣ ತನ್ನಿ. ಅಲ್ಲಿ ಟಾರ್ಚ್, ಮೊಬೈಲ್ ಎರಡೂ ಆರಿಸಬೇಕು.