ಶ್ರಾವಣದಲ್ಲೊಂದು ರಂಗಪಂಚಮಿ

ಕಳೆದ ವಾರ ಮೆಲ್ಬರ್ನಿನ ನಮ್ಮ ಸಂಘದ ಕನ್ನಡ ತರಗತಿಯಲ್ಲಿ, ಕ್ಯಾನ್ಸರ್ ಚಿಕಿತ್ಸೆಯ ನಡುವೆಯೂ ಪಾಠ ಹೇಳಲು ಬಂದಿದ್ದ ನಮ್ಮ ಗದಗಿನ ಸದಸ್ಯೆಯ ತಲೆವಸ್ತ್ರವನ್ನು ನೋಡಿ ಪುಟ್ಟ ಹುಡುಗಿಯೊಬ್ಬಳು, "ಆಂಟಿ, ನಿಮ್ಮ ಕೂದಲು ಎಲ್ಲಿ ಇಟ್ಟಿದ್ದೀರಿ?" ಎಂದು ಕೇಳಿದಳು. ಹಿರಿಯರೆಲ್ಲ ಮೊಬೈಲ್ ನೋಡತೊಡಗಿದರು. ಅವರು ಮಾತ್ರ ಬರೆಯುತ್ತಿದ್ದುದನ್ನು ನಿಲ್ಲಿಸದೆ, "ಬ್ಯಾಂಕಿನ್ಯಾಗ ಇಟ್ಟೇನವಾ, ಬಡ್ಡಿ ಕೂಡಿಸಿ ಬಿಡಿಸ್ಕೊಂಡ್ ಬರ್ತೇನಿ" ಎಂದರು. ಮಗುವಿಗೆ ಆ ಉತ್ತರ ಸಾಕಾಯಿತು. ದೊಡ್ಡವರಿಗೆ ಸಾಕಾದಂತಿಲ್ಲ, ಆದ್ದರಿಂದ, ಅವರ ಒಪ್ಪಿಗೆ ಪಡೆದು, ನಾಗರಪಂಚಮಿ ಸಂಚಿಕೆಯ ಈ ಪುಟವನ್ನು ಅದೇ ವಿಷಯಕ್ಕೆ ಕೊಟ್ಟಿದ್ದೇನೆ.

ಪಂಚಮಿಗೆ ತವರಿಗೆ ಹೋಗುವುದು ನಮ್ಮ ಕಡೆಯ ಹೆಣ್ಣುಮಕ್ಕಳ ಹಕ್ಕು. ಧಾರವಾಡದ ನನ್ನ ಅಕ್ಕನಿಗೆ ಸ್ತನ ಕ್ಯಾನ್ಸರ್ ಎಂದು ತಿಳಿದ ವರ್ಷ ನಾನೂ ಆ ಹಕ್ಕು ಚಲಾಯಿಸಿದೆ. ಜೋಕಾಲಿಯ ಬದಲು ಸಿಕ್ಕಿದ್ದು ಹುಬ್ಬಳ್ಳಿಯ ಆಸ್ಪತ್ರೆಯೊಂದರ ಡೇ ಕೇರ್ ವಾರ್ಡಿನ ಪ್ಲಾಸ್ಟಿಕ್ ಕುರ್ಚಿ. ಅಕ್ಕನಿಗೆ ಕೊಡುತ್ತಿದ್ದ ಡಾಕ್ಸೊರುಬಿಸಿನ್ ಕಡುಗೆಂಪು ಬಣ್ಣದ ಕೀಮೋ ಔಷಧ, ಅಂದರೆ ಕ್ಯಾನ್ಸರ್ ಕಣಗಳನ್ನು ಕೊಲ್ಲುವಂಥದು. ನರದಿಂದ ಹೊರಗೆ ಸೋರಿದರೆ ಸುತ್ತಲಿನ ಮಾಂಸವನ್ನೇ ಸುಡುವುದರಿಂದ ನರ್ಸ್ ಪಕ್ಕದಲ್ಲಿ ಕುಳಿತು, ದೊಡ್ಡ ಸಿರಿಂಜನ್ನು ಸಾವಕಾಶವಾಗಿ ಒತ್ತುತ್ತಿದ್ದರು. ಒಂದೆರಡು ದಿನ ಮೂತ್ರ ಕೆಂಪಾಗುತ್ತದೆ, ಅದು ರಕ್ತವಲ್ಲ, ಗಾಬರಿಯಾಗಬೇಡಿ ಎಂದು ಅವರು ಮೊದಲೇ ಹೇಳಿದ್ದರು. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹುಬ್ಬಳ್ಳಿ ಮಂದಿಗೆ ರಂಗಪಂಚಮಿ ವರ್ಷಕ್ಕೊಮ್ಮೆ, ನನಗ ಇಪ್ಪತ್ತೊಂದು ದಿವಸಕ್ಕೊಮ್ಮೆ ಅಂದ್ಹಂಗಾತು" ಎಂದಳು. ಪಕ್ಕದ ಹಾಸಿಗೆಯಲ್ಲಿ ಬ್ಯಾಡಗಿ ಕಡೆಯ ರೈತ ಮಹಿಳೆಯೊಬ್ಬರಿದ್ದರು. ಬಾಯಿಯ ಹುಣ್ಣಿನಿಂದ ಅವರಿಗೆ ಮೊಸರನ್ನವೂ ಉರಿಯುತ್ತಿತ್ತು. ಅವರು ಕಣ್ಣು ಮುಚ್ಚಿಕೊಂಡೇ, "ನಮ್ಮ ಬ್ಯಾಡಗಿ ಕಾಯಿಗೆ ಬಣ್ಣ ಭಾಳ, ಖಾರ ಕಮ್ಮಿ ಇರತೈತ್ರೀ ಯಕ್ಕಾರ. ಇವರದಕ್ಕ ಬಣ್ಣಾನೂ ಐತಿ, ಖಾರಾನೂ ಐತಿ" ಎಂದರು. ಸಿರಿಂಜು ಹಿಡಿದಿದ್ದ ನರ್ಸ್ ನಗು ತಡೆಯಲು ತುಟಿ ಕಚ್ಚಿದ್ದು ನನಗೆ ಕಂಡಿತು.

ಆ ವಾರ್ಡಿನಲ್ಲಿ ನಗೆಯನ್ನು ಶುರು ಮಾಡುತ್ತಿದ್ದವರು ರೋಗಿಗಳು. ನಾವು, ನೋಡಿಕೊಳ್ಳುವವರು, ಅವರ ಹಿಂದೆ ನಗುತ್ತಿದ್ದೆವು. ಈ ಕ್ರಮ ತಿರುವುಮುರುವಾದಾಗ ಆಗುವ ಇರಿಸುಮುರಿಸನ್ನೂ ನೋಡಿದ್ದೇನೆ. ನೋಡಲು ಬಂದ ದೂರದ ಬಂಧುವೊಬ್ಬರು "ಈಗ ತಲಿಗೆ ಎಣ್ಣಿ ಖರ್ಚಿಲ್ಲ ಬಿಡು" ಎಂದಾಗ ಅಕ್ಕ ಗೋಡೆಯತ್ತ ತಿರುಗಿ ಮಲಗಿದಳು. ಅದೇ ಬಂಧು ಲಕ್ಷ್ಮಣಫಲದ ಎಲೆಯ ಕಷಾಯವನ್ನೂ ತಂದಿದ್ದರು. ಕೀಮೋ ಔಷಧಗಳೊಂದಿಗೆ ಏನು ಸೇರಿದರೂ ಯಕೃತ್ತಿಗೆ ಭಾರವಾಗಬಹುದೆಂದು ಡಾಕ್ಟರು ಎಚ್ಚರಿಸಿದ್ದರಿಂದ ಆ ಬಾಟಲಿ ಗುಲಾಬಿ ಗಿಡದ ಪಾಲಾಯಿತು.

ಕೆಲಸಕ್ಕೆ ಬಂದದ್ದು ಓಣಿ. ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಹೆಸರುಗಳು ಬಿದ್ದವು: ಸೋಮವಾರದ ಮೊಸರನ್ನ ಯಾರದು, ಸುಮಾರು 20 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಕಾರು ಯಾರದು, ವಾರ್ಡಿನಲ್ಲಿ ಕೂರುವವರು ಯಾರು. ಹೋಗುವಾಗ ಚಿಗರಿ ಬಸ್ಸು ಸಾಕೆಂದು ಹಟ ಹಿಡಿದ ಅಕ್ಕನನ್ನು ಗದರಿಸುವ ಜವಾಬ್ದಾರಿಯೂ ಒಬ್ಬರ ಹೆಸರಿನಲ್ಲಿತ್ತು, ಏಕೆಂದರೆ ಕೀಮೋ ಆದ 7ರಿಂದ 14ನೆಯ ದಿನದ ಸುಮಾರಿಗೆ ಬಿಳಿ ರಕ್ತಕಣಗಳು ತೀರ ಕಡಿಮೆಯಾಗುವುದರಿಂದ ಜನಸಂದಣಿ ಒಳ್ಳೆಯದಲ್ಲ. ಅಂಥದೇ ಒಂದು ರಾತ್ರಿ ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿತು. ಗುಳಿಗೆ ನುಂಗಿ ಬೆಳಗಿನ ತನಕ ಕಾಯುವ ಜ್ವರ ಅದಲ್ಲ. ಎದುರುಮನೆಯ ಹುಡುಗ ಲುಂಗಿಯಲ್ಲೇ ಕಾರು ತೆಗೆದ.

ಈ ಮೆಲ್ಬರ್ನಿನಲ್ಲಿ ನಮಗೆ ಓಣಿಯಿಲ್ಲ, ಇರುವುದು ಸಂಘ. ನಮ್ಮ ಸದಸ್ಯೆಗೆ ಮುಂದಿನ ತಿಂಗಳಿನಿಂದ ವಾರಕ್ಕೆ ಐದು ದಿನ ರೇಡಿಯೇಷನ್ ಇದೆ. ಹತ್ತಿರ ಕೂತರೆ ಮಕ್ಕಳಿಗೇನಾದರೂ ಆದೀತೇ ಎಂದು ಇಬ್ಬರು ತಾಯಂದಿರು ಫೋನಿನಲ್ಲಿ ಕೇಳಿದ್ದಾರೆ. ನಮ್ಮ ಸದಸ್ಯೆಗೆ ಕೊಡುವುದು ಯಂತ್ರದಿಂದ ಹೊರಗಿನಿಂದ ಹಾಯಿಸುವ ಕಿರಣ. ಯಂತ್ರ ನಿಂತ ಮೇಲೆ ಮೈಯಲ್ಲಿ ಏನೂ ಉಳಿಯುವುದಿಲ್ಲ, ಮಕ್ಕಳು ಧಾರಾಳವಾಗಿ ತೊಡೆಯೇರಬಹುದು.

ಇನ್ನು ಸೂಚನೆಗಳು, ಮುದ್ರಕರು ಕಾಯುತ್ತಿರುವುದರಿಂದ ಒಂದೇ ಉಸಿರಿನಲ್ಲಿ: ಪಂಚಮಿ ಕೂಟ ಬರುವ ಭಾನುವಾರ ಮಧ್ಯಾಹ್ನ ಎಂದಿನ ಸಭಾಂಗಣದಲ್ಲಿ, ಮಳೆಯಿದ್ದರೆ ಜೋಕಾಲಿ ಇಲ್ಲ, ಉಂಡಿ ಇದ್ದೇ ಇರುತ್ತದೆ, ಶೇಂಗಾ ಉಂಡಿ ತರುವವರು ಡಬ್ಬಿಯ ಮೇಲೆ ಹಾಗೆಂದು ಬರೆಯಿರಿ, ರಾಜ್ಯೋತ್ಸವ ನಾಟಕದ ತಾಲೀಮು ಅಂದೇ ಸಂಜೆ, ಸದಸ್ಯತ್ವದ ಬಾಕಿ ಖಜಾಂಚಿಯವರ ಕೈಗೇ ಕೊಡಿ. ಉಂಡಿಯ ಮೇಜಿನ ತುದಿಯಲ್ಲಿ ಒಂದು ಹಾಳೆ ಇಟ್ಟಿರುತ್ತೇವೆ. ಆಸ್ಪತ್ರೆಗೆ ಕರೆದೊಯ್ಯಬಲ್ಲವರೂ, ಒಗ್ಗರಣೆಯ ಘಾಟಿಲ್ಲದ ಸಪ್ಪೆ ಅಡುಗೆ ಮಾಡಿಕೊಡಬಲ್ಲವರೂ ಹೆಸರು ಬರೆಯಿರಿ. ಬೆಳಗಿನ ಪಾಳಿಗೆ ಕಾರಿರುವವರು ಇನ್ನೂ ಯಾರೂ ಸಿಕ್ಕಿಲ್ಲ. ಮಂಗಳವಾರದ ಪಾಳಿ ನನ್ನದಾಗಿರುವುದರಿಂದ ಮುಂದಿನ ಸಂಚಿಕೆಯ ಕರಡು ತಿದ್ದುವವರೂ ಒಬ್ಬರು ಬೇಕು.