ಭಾನುವಾರ ನಡೆದ ಪಾಟಿ ಸವಾಲು

ಮಾನ್ಯ ಸಂಪಾದಕರೇ,

ನಾನು ಚಿತ್ರದುರ್ಗದ ಕೋರ್ಟಿನಲ್ಲಿ ವಕೀಲರೊಬ್ಬರ ಹತ್ತಿರ ಇಪ್ಪತ್ತೆರಡು ವರ್ಷದಿಂದ ಗುಮಾಸ್ತ. ಕಾನೂನು ಓದಿದವನಲ್ಲ. ಆದರೆ ಎಲ್‌ಎಲ್‌ಬಿ ಹುಡುಗರ ಇಂಟರ್ನ್‌ಶಿಪ್ ಡೈರಿಗೆ ನಮ್ಮ ಆಫೀಸಿನ ಸೀಲು ಒತ್ತುವವನು ನಾನೇ. ಈ ವರ್ಷದ ಹುಡುಗರು ಆಗಲೇ ಡೈರಿ ಹಿಡಿದು ಬರತೊಡಗಿದ್ದಾರೆ. ಅದಕ್ಕೇ ಈ ಪತ್ರ.

2024ರಲ್ಲಿ ನನ್ನ ಮಗಳು ಕೊನೆಯ ಸೆಮಿಸ್ಟರ್‌ನಲ್ಲಿದ್ದಳು. ಕಾಲೇಜು ಯಾವುದೆಂದು ಬರೆಯುವುದಿಲ್ಲ. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮದ ಪ್ರಕಾರ ಪ್ರಾಕ್ಟಿಕಲ್‌ನ ಒಂದು ಪೇಪರ್‌ನಲ್ಲಿ ಅಣಕು ನ್ಯಾಯಾಲಯಕ್ಕೆ 30 ಅಂಕ. ಒಂದು ಸಿವಿಲ್, ಒಂದು ಕ್ರಿಮಿನಲ್ ಕೇಸಿನ ವಿಚಾರಣೆ ನೋಡಿ ಬರೆಯುವುದಕ್ಕೆ 30. ಕಕ್ಷಿದಾರರ ಜೊತೆ ವಕೀಲರು ಮಾತಾಡುವುದನ್ನು, ಕಾಗದಪತ್ರ ತಯಾರಿಸಿ ಫೈಲ್ ಮಾಡುವುದನ್ನು ಡೈರಿಯಲ್ಲಿ ಬರೆಯುವುದಕ್ಕೆ 30. ವೈವಾಗೆ, ಅಂದರೆ ಮೌಖಿಕ ಪರೀಕ್ಷೆಗೆ, 10.

ಮಗಳು ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ನನ್ನ ಜೊತೆಗೇ ಬರುತ್ತಿದ್ದಳು. ಕ್ರಿಮಿನಲ್ ಕೇಸಿನಲ್ಲಿ ಅವಳು ಹೋದ ಐದು ದಿನದಲ್ಲಿ ನಾಲ್ಕು ದಿನ ವಾಯ್ದೆಯೇ ಬಿತ್ತು, ಅಂದರೆ ಕೇಸು ಮುಂದಿನ ತಾರೀಖಿಗೆ ಹೋಯ್ತು. ಒಂದು ದಿನ ಸಾಕ್ಷಿಯ ಸಮನ್ಸ್ ಜಾರಿಯಾಗದೆ ವಾಪಸ್ ಬಂದಿತ್ತು. ಒಂದು ದಿನ ಜಡ್ಜ್ ಸಾಹೇಬರು ರಜೆ. ಇನ್ನೊಂದು ದಿನ ಸಾಕ್ಷಿ ಚಳ್ಳಕೆರೆ ಕಡೆಯಿಂದ ಬಸ್ ಹಿಡಿದು ಬಂದು ಕೂತಿದ್ದ, ಆದರೆ ಆರೋಪಿಯೇ ಬರಲಿಲ್ಲ. ಆ ಸಾಕ್ಷಿ ಮೆಟ್ಟಿಲ ಮೇಲೆ ಕೂತು, ಒಂದು ದಿನದ ಕೂಲಿ ಹೋಯ್ತು ಎಂದು ಗೊಣಗಿದ್ದನ್ನೂ ಅವಳು ಬರೆದಿದ್ದಳು. ಐದನೇ ದಿನ ಅರ್ಧ ಗಂಟೆ ಪಾಟಿ ಸವಾಲು, ಅಂದರೆ ಎದುರು ವಕೀಲರು ಸಾಕ್ಷಿಯನ್ನು ಪ್ರಶ್ನಿಸುವುದು, ನಡೆಯಿತು. ಅಷ್ಟೇ. ನೋಡಿದ್ದನ್ನು ನೋಡಿದ ಹಾಗೇ ಬರೆದಳು. 30ಕ್ಕೆ 17 ಬಂತು. 'ವಿಚಾರಣೆಯ ಹಂತಗಳು ಪೂರ್ತಿ ಇಲ್ಲ' ಅಂತ ಕೆಂಪು ಇಂಕಿನಲ್ಲಿ ಷರಾ.

ಅವಳ ಕ್ಲಾಸಿನ ಒಬ್ಬ ಹುಡುಗ ನಮ್ಮ ಆಫೀಸಿಗೆ ಬಂದದ್ದು ಎರಡೇ ಸಲ. ಎರಡನೇ ಸಲ ಸೀಲಿಗೆ. ಅಂದು ಬೇರೆ ಕೆಲಸ ಜಾಸ್ತಿ ಇತ್ತು, ಹಾಗೇ ಒತ್ತಿಬಿಟ್ಟೆ. ತಪ್ಪು ನನ್ನದೂ ಇದೆ. ಸರ್ ಬಂದು ಸಹಿ ಹಾಕುವವರೆಗೆ ಸುಮ್ನೆ ಪುಟ ತಿರುವಿದೆ. ದೋಷಾರೋಪಣೆಯಿಂದ ತೀರ್ಪಿನವರೆಗೆ ಎಲ್ಲಾ ಹಂತ ಅಚ್ಚುಕಟ್ಟು. ಎರಡನೇ ಸಾಕ್ಷಿಯ ಪಾಟಿ ಸವಾಲು 2024ರ ಮಾರ್ಚ್ 10ರಂದು ನಡೆದಿದೆ! ಗೋಡೆಯ ಕ್ಯಾಲೆಂಡರ್ ನೋಡಿದರೆ ಅದು ಭಾನುವಾರ. ಹಿಂದಿನ ವರ್ಷ ಅದೇ ತಾರೀಖು ಶುಕ್ರವಾರ ಬಿದ್ದಿತ್ತು. ಸೀನಿಯರ್‌ನ ರೆಕಾರ್ಡ್ ಇಳಿಸುವಾಗ ಇಸವಿ ಮಾತ್ರ ಬದಲಿಸಿದ್ದಾನೆ. ಕೇಳಿದೆ. 'ಯಾರು ನೋಡ್ತಾರೆ ಬಿಡಣ್ಣ' ಅಂತ ನಕ್ಕ. ಅವನಿಗೆ 28 ಬಂತು.

ಹುಡುಗನ ಮೇಲೆ ನನಗೆ ಅಂಥ ಸಿಟ್ಟಿಲ್ಲ. ಮೂರು ವರ್ಷದ ಕೋರ್ಸಿಗೆ ಕನಿಷ್ಠ 12 ವಾರ, ಐದು ವರ್ಷದ್ದಕ್ಕೆ 20 ವಾರ ಇಂಟರ್ನ್‌ಶಿಪ್ ಮಾಡಬೇಕು. ಪ್ರತಿ ಸಲವೂ ಡೈರಿಯನ್ನು ಇಂಟರ್ನ್‌ಶಿಪ್ ಕೊಟ್ಟವರು, ಕಾಲೇಜಿನ ಮೇಷ್ಟ್ರು ಇಬ್ಬರೂ ನೋಡಬೇಕೆಂದೇ ನಿಯಮ ಹೇಳುತ್ತದೆ. ನಡೆಯುವುದು ಬೇರೆ. ಕೊನೆಯಲ್ಲಿ ಎಲ್ಲಾ ಡೈರಿ ರಾಶಿ ಹಾಕಿಕೊಂಡು ಒಂದೇ ಸಂಜೆ ಅಂಕ ಹಾಕುತ್ತಾರೆ. ಆಗ ಬರಹ ದುಂಡಗಿದೆಯಾ, ಹಂತ ಪೂರ್ತಿ ಇದೆಯಾ ಅಂತ ನೋಡುವುದಕ್ಕಷ್ಟೇ ಪುರಸೊತ್ತು. ಪಾಪ, ಮೇಷ್ಟ್ರಿಗೂ ಕೆಲಸ ಕಡಿಮೆಯಿಲ್ಲ.

ಆದರೆ ವಾಯ್ದೆ ಬಿದ್ದ ದಿನವೂ ಕೋರ್ಟಿನ ದಿನವೇ ಅಲ್ವಾ? ಸಮನ್ಸ್ ಯಾಕೆ ಜಾರಿಯಾಗಲಿಲ್ಲ, ಮುಂದೇನು ಮಾಡಬೇಕು ಅನ್ನುವುದೇ ನಾಳೆ ವಕೀಲರಾಗುವವರಿಗೆ ಬೇಕಾದ ಪಾಠ. ಫೈಲಿಂಗ್ ವಿಷಯವೂ ಹಾಗೇ. ಆಸ್ತಿಯಲ್ಲಿ ಪಾಲು ಕೇಳುವ ವಿಭಾಗದ ದಾವೆಯಲ್ಲಿ ಆಸ್ತಿ ಜಂಟಿ ಸ್ವಾಧೀನದಲ್ಲಿದೆ ಎಂದರೆ ಒಂದು ಸಣ್ಣ ನಿಗದಿತ ಕೋರ್ಟ್ ಫೀ. ಸ್ವಾಧೀನ ತಪ್ಪಿದೆ ಎಂದರೆ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಫೀ. ಮಗಳು ಇದನ್ನು ಕಲಿತದ್ದು ವಾದಪತ್ರದ ಜೊತೆ ಪಹಣಿ, ವಂಶವೃಕ್ಷ ಜೋಡಿಸಿ ದಾರ ಹೊಲಿಯುತ್ತಾ. ವೈವಾದಲ್ಲಿ ಅದನ್ನು ಯಾರೂ ಕೇಳಲಿಲ್ಲ. ಸಂವಿಧಾನದ ಪೀಠಿಕೆ ಹೇಳಿಸಿ ಕಳಿಸಿದರು.

ಕಾಲೇಜುಗಳಿಗೆ, ವಿಶ್ವವಿದ್ಯಾಲಯಕ್ಕೆ ನನ್ನದು ಒಂದೇ ಕೋರಿಕೆ. ಪ್ರತಿ ಕೇಸಿಗೂ 16 ಅಕ್ಷರ-ಅಂಕಿಯ ಸಿಎನ್‌ಆರ್ ನಂಬರ್ ಇರುತ್ತದೆ. ರೆಕಾರ್ಡಿನ ಮೊದಲ ಪುಟದಲ್ಲಿ ಅದನ್ನು ಬರೆಸಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಕೇಸು ಯಾವ ಯಾವ ದಿನ ಇತ್ತು, ಯಾವುದಕ್ಕೆ ಇತ್ತು ಎಂದು ಮೊಬೈಲಿನಲ್ಲೇ ಕಾಣುತ್ತದೆ. ಎರಡು ನಿಮಿಷದ ಕೆಲಸ. ವೈವಾದ 10 ಅಂಕಕ್ಕೆ ಆ ದಿನಗಳ ಬಗ್ಗೆಯೇ ಪ್ರಶ್ನೆ ಕೇಳಿ. ಹೋಗಿ ಕೂತವರು ಹೇಳುತ್ತಾರೆ, ಇಳಿಸಿದವರು ತಡವರಿಸುತ್ತಾರೆ.

ನಮ್ಮ ಆಫೀಸಿನ ಮಟ್ಟಿಗೆ, ಕ್ಯಾಲೆಂಡರ್ ನೋಡದೆ ನಾನು ಸೀಲು ಒತ್ತುವುದಿಲ್ಲ. ಸರ್‌ಗೂ ಹೇಳಿದ್ದೇನೆ. ಕಳೆದ ವಾರ ಇಬ್ಬರು ಹುಡುಗರು ಡೈರಿ ವಾಪಸ್ ತೆಗೆದುಕೊಂಡು ಹೋದರು.

ಇಂತಿ,
ಒಬ್ಬ ವಕೀಲರ ಗುಮಾಸ್ತ,
ಚಿತ್ರದುರ್ಗ